ಹೆಚ್ಚಾದ ಸಾಲುಗಳು

ತಂಗಿ ಪದ್ಮಾ ಮತ್ತೆ ಬಸುರಿ ಎಂಬ ಸುದ್ದಿ ನನಗೆ ಸಿಕ್ಕಿದ್ದು ಅವಳ ಗಂಡ ಗೋಪಾಲಕೃಷ್ಣನಿಂದ. ಅವಳು ಪರ್ತ್‌ನಲ್ಲಿ, ನಾನು ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ. ನಾಲ್ಕು ವರ್ಷದಿಂದ ನಮ್ಮ ಕ್ಷೇಮಸಮಾಚಾರವೆಲ್ಲ ಡಾಕ್ಟರ್ ಗಂಡಂದಿರ ಬಾಯಿಂದಲೇ. ತಪ್ಪು ನನ್ನದು. ಅವಳ ಹಿಂದಿನ ಬಸುರಿನಲ್ಲಿ, ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ಮಾಡಿಡಬಾರದು ಎಂದು ಅಮ್ಮ ಕಾಗದ ಬರೆದಿದ್ದರೂ, ಇಲ್ಲಿನವರೆಲ್ಲ ಮಾಡುತ್ತಾರಲ್ಲ ಎಂಬ ಜಂಬದಲ್ಲಿ ಬಿಳಿ ಶಾಲು ಹೆಣೆದು ಪಾರ್ಸೆಲ್ ಮಾಡಿದ್ದೆ. ಅದು ತಲುಪಿದ ಮರುದಿನ ಮಗು ಹೊಟ್ಟೆಯಲ್ಲೇ ಹೋಯಿತು. ಶಾಲು ಒಂದಕ್ಷರವೂ ಇಲ್ಲದೆ ವಾಪಸ್ಸು ಬಂತು.

ಈಗ ೧೯೮೧ರ ಜುಲೈ, ಇಲ್ಲಿ ಚಳಿಗಾಲ. ಕೈ ಸುಮ್ಮನಿರಬೇಕಲ್ಲ? ಮತ್ತೆ ಉಲ್ಲನ್ ಕಡ್ಡಿ ಹಿಡಿದೆ. ಈ ಸಲ ಕೆನೆ ಬಣ್ಣದ ಲೇಸಿನ ಶಾಲು, ಮೇಲಿನಿಂದ ಕೆಳಕ್ಕೆ. ಕತ್ತಿನ ಹತ್ತಿರ ಮೂರೇ ಕುಣಿಕೆಯಿಂದ ಶುರು. ಒಂದು ಸಾಲು ಬಿಟ್ಟು ಒಂದು ಸಾಲಿಗೆ ನಾಲ್ಕು ಕುಣಿಕೆ ಹೆಚ್ಚುತ್ತವೆ. ಇದನ್ನು ಎಲ್ಲಿ ನಿಲ್ಲಿಸಿದರೂ ಶಾಲೇ. ಎಂಬತ್ತು ಸಾಲಿಗೆ ಮುಗಿಸಿದರೆ ಮಗುವಿಗೆ, ಮುಂದುವರಿಸಿದರೆ ದೊಡ್ಡವರಿಗೆ. ಯಾರಿಗೆಂದು ಮೊದಲೇ ಬಾಯಿಬಿಡಬೇಕಾಗಿಲ್ಲ, ದೇವರ ಹತ್ತಿರ ಕೂಡ.

"ಯಾರಿಗೆ?" ಎಂದು ನನ್ನ ಗಂಡ ಉಮಾಕಾಂತ ಕೇಳಿದರು.

"ನನಗೇ. ಚಳಿ ಅಲ್ವಾ?"

"ಈ ಊರಿನ ಚಳಿಗೆ ಶಾಲಾ!" ಎಂದು ನಕ್ಕು ಡ್ಯೂಟಿಗೆ ಹೋದರು.

ಎಂಬತ್ತನೇ ಸಾಲು ಮುಗಿದ ಬೆಳಿಗ್ಗೆಯೇ ಗೋಪಾಲಕೃಷ್ಣನ ಫೋನ್. "ಅತ್ತಿಗೆ, ಬ್ಲೀಡಿಂಗ್ ಶುರುವಾಗಿದೆ. ಇನ್ನೂ ಆರು ವಾರ ಇತ್ತು. ಆಪರೇಷನ್ ಥಿಯೇಟರ್‌ಗೆ ಕರ್ಕೊಂಡು ಹೋಗ್ತಿದ್ದಾರೆ. ಆಮೇಲೆ ಮಾಡ್ತೀನಿ."

ಅಲ್ಲಿಗೇ ಮುಗಿಸಬೇಕಿತ್ತು. ಮನಸ್ಸು ಬರಲಿಲ್ಲ. ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು ಎಂಬತ್ತೊಂದನ್ನು ಶುರು ಮಾಡಿದೆ. ಎಂಬತ್ತೆರಡು. ಅನ್ನ ಸೀದ ವಾಸನೆ ಬಂತು. ಒಲೆ ಆರಿಸಿ ಮತ್ತೆ ಕೂತೆ. ಫೋನ್ ಕೆಟ್ಟಿದೆಯೇನೋ ಎಂದು ಎತ್ತಿ ನೋಡಿದೆ, ಅಷ್ಟರಲ್ಲೇ ಅವನು ಮಾಡಿಬಿಟ್ಟರೆ ಎಂದು ಹೆದರಿ ಇಟ್ಟೆ. ನಿಂಬೆಹಣ್ಣು ಕೊಡಲು ಬಂದ ಪಕ್ಕದ ಮನೆಯ ಮುದುಕಿಯನ್ನು, ಪಾಪ, ಬಾಗಿಲಿಂದಲೇ ಸಾಗಹಾಕಿದೆ. ನೂರು. ಒಂದು ಕುಣಿಕೆ ಜಾರಿ ನಾಲ್ಕು ಸಾಲು ಕೆಳಗಿಳಿಯಿತು. ಅದನ್ನು ಒಂದೊಂದೇ ಸಾಲಾಗಿ ಮೇಲೆತ್ತಿ ಮತ್ತೆ ಕಡ್ಡಿಗೆ ಹಾಕಿದೆ. ಮಡಿಲಲ್ಲಿದ್ದದ್ದು ಈಗ ದೊಡ್ಡ ಹೆಂಗಸಿನ ಭುಜ ಮುಚ್ಚುವಷ್ಟಾಗಿತ್ತು. ನಾನೇನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಸಂಜೆ ಐದಕ್ಕೆ ಫೋನ್ ಬಡಿದುಕೊಂಡಿತು.

"ಅಕ್ಕಾ." ಪದ್ಮಾ! ಗಂಟಲು ಒಣಗಿದ ದನಿ. "ಹೆಣ್ಣು. ಒಂದೂ ಮುಕ್ಕಾಲು ಕೆಜಿ. ಗಾಜಿನ ಪೆಟ್ಟಿಗೇಲಿ ಇಟ್ಟಿದ್ದಾರೆ. ಅಳ್ತಿದಾಳೆ ಕಣೇ, ಜೋರಾಗೇ ಅಳ್ತಿದಾಳೆ."

ನಾನೂ ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಅವಳು, "ಏನಾದ್ರೂ ಹೆಣೀತಿದೀಯಾ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಹೂಂ. ಬೆಳಿಗ್ಗೆ ಮಗೂಗೆ ಸರಿಯಾಗಿತ್ತು. ಆಮೇಲೂ ನಿಲ್ಲಿಸ್ಲಿಲ್ಲ. ಈಗ ನಿನಗಾಗೋಷ್ಟು ಆಗ್ಬಿಟ್ಟಿದೆ. ಉಳಿಯುತ್ತೆ ಅಂತ ನಂಬೋಕಾಗ್ಲಿಲ್ಲ ಪದ್ಮಾ. ಇರು, ಎಂಬತ್ತರ ತನಕ ಬಿಚ್ಚಿಬಿಡ್ತೀನಿ."

ಹೇಳುತ್ತಲೇ ಕಡ್ಡಿಯಿಂದ ಕುಣಿಕೆ ಕಳಚಲು ಹೊರಟೆ. ಮತ್ತೆ ಕಳೆದುಕೊಂಡೆ ಇವಳನ್ನು ಎಂದುಕೊಂಡೆ.

"ಬಿಚ್ಬೇಡ," ಎಂದಳು. "ನಾನೂ ನಂಬಿರ್ಲಿಲ್ಲ ಅಕ್ಕ. ಮನೇಲಿ ಮಗೂಗೆ ಅಂತ ಒಂದು ಚೂರು ಬಟ್ಟೆ ಇಲ್ಲ. ಹಾಗೇ ಕಳಿಸು, ಇಬ್ರೂ ಹೊದ್ಕೊಳ್ತೀವಿ."