ಗಡ್ಡೆ ಕಟ್ಟಿದ ಸಿಗಡಿ

ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಅನ್ನುತ್ತಿಲ್ಲ, ಫ್ರೀಜರಿನಿಂದ ತೆಗೆದ ಸಿಗಡಿ ಅಂದರೆ ಚೀಲದೊಳಗೆ ಒಂದೊಂದೂ ಬಿಡಿಬಿಡಿಯಾಗಿ ಸದ್ದು ಮಾಡಬೇಕು, ಇದು ನೋಡಿದರೆ ಒಂದೇ ಗಡ್ಡೆ, ಥೇಟ್ ಇಟ್ಟಿಗೆ, ಐಸೆಲ್ಲ ಒಂದು ಮೂಲೆಗೆ ಇಳಿದು ಗಟ್ಟಿಯಾಗಿದೆ — ಕರಗಿದೆ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಯಾರ ಘನಕಾರ್ಯ ಇದು, ಮೂವತ್ತೊಂದು ವರ್ಷ ಹೋಟೆಲಿನ ಹಿಂಬಾಗಿಲಲ್ಲಿ ನಿಂತು ಮೀನು, ಸಿಗಡಿ ಇಳಿಸಿಕೊಂಡವನು ನಾನು, ಇಂಥ ಚೀಲ ಬಂದಿದ್ದರೆ ವ್ಯಾನು ಸಮೇತ ವಾಪಸ್ ಕಳಿಸುತ್ತಿದ್ದೆ, ಈಗ ನನ್ನ ಮನೆಯಲ್ಲೇ, ಅದೂ ವರ್ಷಕ್ಕೊಮ್ಮೆ ಬರುವ ಚಳಿಗಾಲದ ಹಬ್ಬದೂಟದ ದಿನವೇ — ಏನ್ರೀ ಅದು, ಒಬ್ಬರೇ ಗೊಣಗ್ತಿದೀರಾ, ಅನ್ನುತ್ತಾಳೆ ಹೆಂಡತಿ, ಬಾಗಿಲಲ್ಲಿ ನಿಂತು, ತಟ್ಟೆ ಒರೆಸುತ್ತ. ಹಿಂದಿನ ರೂಮಿನ ಫ್ರೀಜರ್ ಪ್ಲಗ್ಗು ಯಾರು ಕಿತ್ತಿದ್ದು ಅಂತ ಕೇಳಿದರೆ, ನಾನೇ, ಮೊನ್ನೆ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕ್ಬೇಕಿತ್ತಲ್ಲ, ಅಲ್ಲಿರೋದು ಒಂದೇ ಪ್ಲಗ್ಗು, ಒಂದು ಗಳಿಗೆ ಅಷ್ಟೇ. ಒಂದು ಗಳಿಗೆಯಂತೆ! ಇವಳ ಒಂದು ಗಳಿಗೆ ನನಗೆ ಗೊತ್ತಿಲ್ಲವೇ, ಪಕ್ಕದ ಮನೆಗೆ ಒಂದು ಗಳಿಗೆ ಅಂತ ಹೋದವಳು ಬರುವಷ್ಟರಲ್ಲಿ ನಾನು ಒಂದು ನಿದ್ದೆ ತೆಗೆದು ಎದ್ದಿರುತ್ತೇನೆ. ಮತ್ತೆ ಹಾಕಿದ್ದು ಯಾವಾಗ, ಅವತ್ತೇನಾ, ಮಾರನೇ ದಿನಾನಾ? ಹಾಕಿದೀನಿ ಬಿಡಿ, ಗಡಿಯಾರ ಹಿಡ್ಕೊಂಡು ಇಸ್ತ್ರಿ ಮಾಡ್ತಾರಾ ಯಾರಾದ್ರೂ, ಅಷ್ಟು ಅನುಮಾನ ಇದ್ರೆ ಮೂಸಿ ನೋಡಿ, ನಿಮ್ಮ ಮೂಗಿದೆಯಲ್ಲ. ಹೇಳಿ ಹೋದಳು.

ಮೂಗಿದೆಯಲ್ಲ. ಇದೆ, ಮುಖದ ನಡುವೆ ಇದೆ, ಕನ್ನಡಕ ಕೂರಿಸುವುದಕ್ಕೆ ಇದೆ, ಎರಡು ತಿಂಗಳ ಹಿಂದೆ ಜ್ವರ ಇಳಿದ ದಿನದಿಂದ ಅದಕ್ಕೆ ಬೇರೆ ಕೆಲಸವೇ ಇಲ್ಲ, ಕಾಫಿ ಅಂದರೆ ಬಿಸಿನೀರು, ಸೋಪು ಅಂದರೆ ಬರೀ ಜಾರಿಕೆ, ಬಾಯಿಗೆ ಉಪ್ಪು ಹುಳಿ ಬಿಟ್ಟರೆ ಏನೂ ತಿಳಿಯುವುದಿಲ್ಲ, ನಾಚಿಕೆಗೆಟ್ಟ ಮೂಗು, ಇಷ್ಟು ವರ್ಷ ಅನ್ನ ಹಾಕಿ ಈಗ ಹೇಳದೆ ಕೇಳದೆ ಕೈಕೊಟ್ಟಿತು. ಯಾರಿಗೂ ಹೇಳಿಲ್ಲ, ಯಾಕೆ ಹೇಳಬೇಕು, ಹೋಟೆಲಿನಲ್ಲಿ ಮೂಗಿನ ಸಾಹೇಬರು ಅನ್ನುತ್ತಿದ್ದರು ನನ್ನನ್ನು, ಪೆಟ್ಟಿಗೆ ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದೆ, ನಿನ್ನೆಯದು, ಮೊನ್ನೆಯದು, ತಗೊಂಡು ಹೋಗು ಅಂತ, ಮ್ಯಾನೇಜರೂ ಮರುಮಾತಾಡುತ್ತಿರಲಿಲ್ಲ, ಅಂಥವನು ಈಗ ಮನೆಯವರ ಮುಂದೆ ನನಗೆ ವಾಸನೆ ಬರೋದಿಲ್ಲ ಕಣ್ರಪ್ಪಾ ಅಂದರೆ ನಾಳೆಯಿಂದ ಒಲೆಯ ಹತ್ತಿರ ಬಿಡುತ್ತಾರಾ, ಕೂತ್ಕೊಳ್ಳಿ ಪರವಾಗಿಲ್ಲ ಅನ್ನುತ್ತಾರೆ, ಆ ಪರವಾಗಿಲ್ಲ ಕೇಳುವುದಕ್ಕಿಂತ — ಬೇಡ, ಗಡಿಯಾರ ಇದೆ, ಗಡಿಯಾರ ನೋಡಿಕೊಂಡೇ ಎರಡು ತಿಂಗಳು ಅಡುಗೆ ಮಾಡಿದ್ದೇನೆ, ಯಾರಿಗೆ ಗೊತ್ತಾಗಿದೆ, ಬೀನ್ಸಿಗೆ ಮೂರು ನಿಮಿಷ, ಆಲೂಗಡ್ಡೆಗೆ ಚಾಕು ಸಲೀಸಾಗಿ ಇಳಿಯಬೇಕು, ಕ್ಯಾರೆಟ್ಟಿಗೆ ಬೆಣ್ಣೆ, ಚಿಟಿಕೆ ಸಕ್ಕರೆ, ಬೆಣ್ಣೆಯಲ್ಲಿ ಬೆಳ್ಳುಳ್ಳಿಗೆ ಒಂದೂವರೆ ನಿಮಿಷ, ಅದಕ್ಕಿಂತ ಒಂದು ಸೆಕೆಂಡು ಹೆಚ್ಚಿಲ್ಲ. ತಣ್ಣೀರಿನ ಬೋಗುಣಿಯಲ್ಲಿ ಗಡ್ಡೆ ಬಿಟ್ಟುಕೊಳ್ಳುತ್ತಿದೆ, ಒಂದು, ಇನ್ನೊಂದು, ಬೆರಳಿಗೆ ಮೆತ್ತಗೆ — ಎರಡು ಸಲ ಹೆಪ್ಪುಗಟ್ಟಿದ್ದು ಮೆತ್ತಗಾಗಿಯೇ ಆಗುತ್ತದೆ, ಅಷ್ಟಕ್ಕೇ ಕೆಟ್ಟಿದೆ ಅನ್ನಲಾಗದು, ಬಣ್ಣ ಸ್ವಲ್ಪ ಮಂಕು, ಅದಕ್ಕೂ ಕೆಟ್ಟಿದೆ ಅನ್ನಲಾಗದು, ಕಣ್ಣು ಅರ್ಧ ಹೇಳುತ್ತದೆ, ಕೈ ಅರ್ಧ ಹೇಳುತ್ತದೆ, ತೀರ್ಪು ಕೊಡಬೇಕಾದವನು ಮಾತ್ರ ನಾಪತ್ತೆ. ಎಸೆದುಬಿಡಲೇ, ಎಸೆದರೆ ಯಾಕೆ ಅನ್ನುತ್ತಾರೆ, ಅಂಗಡಿಗಳೆಲ್ಲ ಇವತ್ತು ಮುಚ್ಚಿವೆ, ಮಗಳು ಏಳು ತಿಂಗಳ ಬಸುರಿ, ರೈಲಿನಲ್ಲಿ ಒಂಬತ್ತು ತಾಸು ಕೂತು ಬಂದಿದ್ದಾಳೆ, ಏನು ತಿಂದರೂ ವಾಂತಿ ಮಾಡುತ್ತಿದ್ದವಳು ಫೋನಿನಲ್ಲಿ ಕೇಳಿದ್ದು ಒಂದೇ, ಅಪ್ಪಾ, ನೀವು ಮಾಡೋ ಸಿಗಡಿ ತಿನ್ಬೇಕು ಅನ್ನಿಸ್ತಿದೆ, ಮಿಕ್ಕಿದ್ದೇನೂ ಬೇಡ ಅಂತ. ಇದೆಲ್ಲ ಯಾಕೆ, ಒಂದು ಮೇಜಿನ ಬಟ್ಟೆಗಾಗಿ, ಬಟ್ಟೆಯನ್ನೇನು ತಿನ್ನುತ್ತಾರಾ, ಸುಕ್ಕಿದ್ದರೆ ತಟ್ಟೆ ಜಾರಿ ಬೀಳುತ್ತಿತ್ತಾ!

ಬೆಣ್ಣೆ ಕರಗಿತು, ಬೆಳ್ಳುಳ್ಳಿ ಹಾಕಿದೆ, ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು, ಅಷ್ಟರಲ್ಲಿ ಅಳಿಯನ ದನಿ, ಇವನೊಬ್ಬ ಬಾಕಿ ಇದ್ದ, ಬಾರೇ ಬೇಗ, ಮಾವ ಮೂಸ್ತಾರಂತೆ, ಇದನ್ನ ವಿಡಿಯೊ ಮಾಡ್ಲೇಬೇಕು, ನಮ್ಮ ಆಫೀಸಲ್ಲಿ ನಿಮ್ಮ ಮೂಗಿನ ಕಥೆ ಹೇಳಿದ್ರೆ ಒಬ್ಬರೂ ನಂಬಲ್ಲ ಮಾವ. ಫೋನು ಎತ್ತಿ ನಿಂತಿದ್ದಾನೆ. ಇವನ ಹಿಂದೆ ಮಗಳು, ನಗುತ್ತ, ಬೋಗುಣಿಯ ಅಂಚಿಗೆ ಕೈಯೂರಿ, ಬೇಗ ಹೇಳಿಪ್ಪಾ, ಹಸಿವು ತಡೆಯಕ್ಕಾಗ್ತಿಲ್ಲ, ಅವಳ ಹಿಂದೆ ಇವಳು, ಎಲ್ಲ ಮಾಡಿಟ್ಟು ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು, ನಂಗ್ಯಾಕೋ ಒಂಚೂರು ವಾಸನೆ ಬಂದಂಗಾಯ್ತಪ್ಪ, ನೀವೇ ನೋಡಿ ಅನ್ನುತ್ತಾಳೆ. ಇವಳಿಗೆ ಬಂತಂತೆ! ನಲವತ್ತು ವರ್ಷ ಹಾಲು ಒಡೆದಿದೆಯೋ ಇಲ್ಲವೋ ಅಂತ ನನ್ನನ್ನೇ ಕೇಳುತ್ತಿದ್ದವಳಿಗೆ, ಪ್ಲಗ್ಗು ಕಿತ್ತು ಮರೆತವಳಿಗೆ, ಇವತ್ತು ಮೂಗು ಮೂಡಿದೆ, ಅದೂ ಮಗಳ ಮುಂದೆ, ಅಳಿಯನ ಮುಂದೆ, ನಾನು ಬದುಕಿರುವಾಗಲೇ. ಬಗ್ಗಿದೆ. ಕಣ್ಣು ಮುಚ್ಚಿದೆ, ಯಾವಾಗಲೂ ಮುಚ್ಚುತ್ತಿದ್ದ ಹಾಗೆಯೇ, ಉದ್ದಕ್ಕೆ ಉಸಿರೆಳೆದೆ, ತಣ್ಣಗೆ ಗಾಳಿ ಬಂತು, ಬರೀ ತಣ್ಣಗೆ, ಒಳಗೆಲ್ಲೂ ಯಾರೂ ಇಲ್ಲ, ಇನ್ನೊಂದು ಸಲ ಎಳೆದೆ, ಹಿಂದಿನ ರೂಮು ಈ ಚಳಿಯಲ್ಲಿ ಫ್ರೀಜರಿಗಿಂತ ಕಡಿಮೆಯೇನಿಲ್ಲ ಅಂದುಕೊಂಡೆ, ಚೆನ್ನಾಗಿ ಬೇಯಿಸಿದರಾಯಿತು ಅಂದುಕೊಂಡೆ, ತಲೆ ಎತ್ತಿದೆ. ಏನೂ ಆಗಿಲ್ಲ, ಚೆನ್ನಾಗಿದೆ, ನಿಮ್ಮಮ್ಮನಿಗೆ ಏನು ಗೊತ್ತಾಗತ್ತೆ, ಧಾರಾಳವಾಗಿ ತಿನ್ನು ಮಗಳೇ ಅಂದೆ, ಗಟ್ಟಿಯಾಗಿ ಅಂದೆ, ಹೋಟೆಲಿನ ದನಿಯಲ್ಲಿ.

ಯಾಕೆ ಯಾರೂ ನಗುತ್ತಿಲ್ಲ, ಅಳಿಯ ಕೆಮ್ಮುತ್ತಾನೆ, ಫೋನು ಕೆಳಗಿಳಿದಿದೆ, ಅಪ್ಪಾ, ಅನ್ನುತ್ತಾಳೆ ಮಗಳು, ತೀರ ಮೆಲ್ಲಗೆ, ಹಿಂದೆ ನೋಡಿ, ಬೆಳ್ಳುಳ್ಳಿ ಸೀದು ಕರಕಲಾಗಿದೆ, ಆಗ್ಲಿಂದ ಮನೆಯೆಲ್ಲ ಘಾಟು, ನಿಮಗೆ ಬರ್ಲಿಲ್ವಾ? ತಿರುಗಿದರೆ ಹೊಗೆ, ಬಾಣಲೆಯಲ್ಲಿ ಕಪ್ಪು, ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತೇಳು, ಹೆಂಡತಿ ನನ್ನ ಪಕ್ಕದಿಂದ ಕೈ ಚಾಚಿ ಒಲೆ ಆರಿಸುತ್ತಾಳೆ, ಬಾಣಲೆ ಕೆಳಗಿಳಿಸುತ್ತಾಳೆ, ಬೈಯಬಾರದಾ, ಈಗಲಾದರೂ ಬೈಯಬಾರದಾ, ಮಾತಿನ ಮೇಲೆ ಮಾತು ತೆಗೆದು ನಿಲ್ಲಿಸಿಕೊಂಡರೆ ನಾನೇನು ಮಾಡಲಿ, ಉರಿ ಜೋರು ಮಾಡಿದ್ದು ಯಾರು, ಇಷ್ಟು ಜನ ಅಡುಗೆಮನೆಗೆ ನುಗ್ಗಿದರೆ — ಬಾಯಿಯವರೆಗೂ ಬಂದಿತ್ತು, ಬಂದದ್ದು ಅಲ್ಲೇ ನಿಂತಿತು, ಮಗಳು ನನ್ನ ಮುಖ ನೋಡುತ್ತಿಲ್ಲ, ಬೋಗುಣಿ ನೋಡುತ್ತಿದ್ದಾಳೆ, ಅಂಚಿನ ಮೇಲಿದ್ದ ಕೈ ಅಲ್ಲಿಲ್ಲ, ಕೈ ಹೊಟ್ಟೆಯ ಮೇಲಿದೆ, ಧಾರಾಳವಾಗಿ ತಿನ್ನು ಅಂದದ್ದು ನಾನೇ, ಕೈ ಹೊಟ್ಟೆಯ ಮೇಲಿದೆ, ಐದು ಬೆರಳೂ ಅಗಲಿಸಿ, ನನಗೆ ಅಡ್ಡವಾಗಿ, ಆ ಕೈ.