ಪಾಸ್‌ಪೋರ್ಟಿನಲ್ಲಿ ಇಲ್ಲದ ನೀಲವ್ವ

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಿಬಿಡಿ. ನನ್ನ ಹೆಸರು ಕಾಂಚನಾ. ಗಂಡ ಸಿದ್ದಲಿಂಗೇಶ, ಕುವೈತಿನ ಅಹ್ಮದಿಯ ತೈಲ ಕಂಪನಿಯಲ್ಲಿ ಎಂಜಿನಿಯರ್.

ನಮ್ಮ ಗದಗಿನ ಮನೆಗಳಲ್ಲಿ ಹೊಸ ಸೊಸೆ ಬಂದರೆ ಹೆಸರು ಬದಲಿಸುತ್ತಾರೆ. ತವರಿನಲ್ಲಿ ನಾನು ಕಾಳವ್ವ. ಅತ್ತೆ ಒಂದು ದಿನ "ಕಾಂಚನಾ" ಎಂದು ಕರೆದರು, ಖಲಾಸ್, ಕಾಂಚನಾ ಆಗಿಹೋದೆ. ಪಾಸ್‌ಪೋರ್ಟ್ ಮಾಡಿಸಿದ್ದು ಅದಾದ ಮೇಲೆ, ಹಾಗಾಗಿ ಅದರಲ್ಲೂ ಅದೇ ಹೆಸರು. ನನಗೆ ಏನೂ ತೊಂದರೆ ಆಗಲಿಲ್ಲ. ನನಗೆ ಆಗದ್ದು ಯಾರಿಗೂ ಆಗುವುದಿಲ್ಲ ಎಂದುಕೊಂಡೆ ನೋಡಿ, ದಡ್ಡತನ ಎಂದರೆ ಅದು.

ಮುದಕಪ್ಪ ನಮ್ಮ ಊರಿನ ಕಡೆಯವನೇ. ತಂದೆ ತಾಯಿ ಇಲ್ಲ. ಮೀನಾ ಅಬ್ದುಲ್ಲಾ ಎಂಬಲ್ಲಿನ ರಿಫೈನರಿಯಲ್ಲಿ ಗುತ್ತಿಗೆಯ ಮೇಲೆ ವೆಲ್ಡರ್ ಕೆಲಸ. ಪ್ರತಿ ಶುಕ್ರವಾರ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಿದ್ದ. ಬಗ್ಗಿ ಬಗ್ಗಿ ಕೆಲಸ ಮಾಡಿ ಸೊಂಟ ಹಿಡಿದುಕೊಂಡಾಗ ಫಹಾಹೀಲ್‌ನ ಒಂದು ಚೀನೀ ಕ್ಲಿನಿಕ್‌ಗೆ ಹೋದ. ಅಲ್ಲಿ ಸಣ್ಣ ಸೂಜಿ ಚುಚ್ಚಿ ನೋವು ಇಳಿಸುತ್ತಿದ್ದರು. ಆ ಕ್ಲಿನಿಕ್‌ನ ನರ್ಸ್ ಸುನ್ ಯೂಲಾನ್. ಸೊಂಟ ನೆಟ್ಟಗಾದ ಮೇಲೂ ಇವನು ಹೋಗುವುದು ಬಿಡಲಿಲ್ಲ.

"ಇನ್ನೂ ನೋವು ಐತೇನೋ ತಮ್ಮಾ?" ಎಂದು ಕೇಳಿದೆ.

"ಸೊಂಟದಾಗ ಇಲ್ರೀ ಅಕ್ಕಾರ," ಎಂದು ತಲೆ ತಗ್ಗಿಸಿದ. ನಾನೂ ನನ್ನ ಗಂಡನೂ ನಕ್ಕು ಸಾಕಾದೆವು.

ತೊಂಬತ್ತರ ಫೆಬ್ರವರಿಯಲ್ಲಿ ನಮ್ಮ ಮನೆಯ ಹಾಲಿನಲ್ಲೇ ಮದುವೆ ಮಾಡಿದೆವು. ನಲವತ್ತು ಜನ ಬಂದು ಅಕ್ಕಿಕಾಳು ಹಾಕಿದರು, ಹೋಳಿಗೆ ಉಂಡರು. ನಾನು ತಟ್ಟೆಯಲ್ಲಿ ಅಕ್ಕಿ ಹರವಿ, ಯೂಲಾನ್‌ಳ ಕೈ ಹಿಡಿದು, ಉಂಗುರದಿಂದ ಹೆಸರು ಬರೆಸಿದೆ. ನೀ, ಲ, ವ್ವ. ಮೂರೇ ಅಕ್ಷರ. "ಇವತ್ತಿನಿಂದ ನೀ ನಮ್ಮ ನೀಲವ್ವ," ಎಂದೆ. ಆ ಹುಡುಗಿಗೆ ಎಷ್ಟು ಖುಷಿಯಾಯಿತೆಂದರೆ, ಮುಂದೆ ದಿನಸಿ ಚೀಟಿಯ ಮೇಲೂ ಆ ಮೂರು ಅಕ್ಷರ ಬರೆದು ನನಗೆ ತೋರಿಸುತ್ತಿದ್ದಳು.

ಊಟಕ್ಕೆ ಬಂದವರಲ್ಲಿ ಮಂಗಳೂರಿನ ಪಾಯಸ್ ಕೂಡ ಇದ್ದರು. ಸರ್ಕಾರಿ ಕಚೇರಿಯೊಂದರ ಎದುರು ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ ತುಂಬಿಕೊಡುವವರು. ಕಾಗದದ ವಿಷಯ ಅವರಿಗೆ ಅಂಗೈ ಗೆರೆಯಷ್ಟೇ ಗೊತ್ತು. ಕೈ ತೊಳೆದು ಬಂದವರೇ ಮುದಕಪ್ಪನನ್ನು ಹಿಡಿದುಕೊಂಡರು.

"ಮದುವೆ ಚಂದ ಆಯಿತು. ಇನ್ನು ತಡ ಮಾಡಬೇಡಿ, ಎಂಬೆಸಿಯಲ್ಲಿ ರಿಜಿಸ್ಟರ್ ಮಾಡಿಸಿ. ಇವರ ಇಕಾಮಾಕ್ಕೆ, ಅಂದರೆ ಇಲ್ಲಿ ಇರುವ ಪರವಾನಗಿಗೆ, ಜಾಮೀನು ನಿಂತ ಕಫೀಲ್ ಒಬ್ಬ, ನಿಮ್ಮದಕ್ಕೆ ಇನ್ನೊಬ್ಬ. ಕಾಗದದಲ್ಲಿ ನೀವಿಬ್ಬರು ಯಾರಿಗೆ ಯಾರೂ ಅಲ್ಲ, ಗೊತ್ತುಂಟಾ?"

ಮುದಕಪ್ಪ ತಲೆ ಕೆರೆದುಕೊಂಡ. "ರಜಾ ಹಾಕಿದ್ರ ಪಗಾರ ಕಟ್ ಮಾಡ್ತಾರ್ರೀ. ಮುಂದಿನ ತಿಂಗಳ ನೋಡೂಣ."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಪಾಯಸ್ ಅಣ್ಣಾ, ನಲವತ್ತು ಮಂದಿ ಕಣ್ಣಾರೆ ನೋಡ್ಯಾರ. ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಕಾಗದದಾಗ ಐತ್ರಿ? ಇನ್ನೊಂದು ಹೋಳಿಗಿ ಹಾಕ್ಲ್ಯಾ?"

"ಹೋಳಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಇದೊಂದು ಕೇಳಿ ಮಾರಾಯ್ರೆ. ಮನೆಯಲ್ಲಿ ನೀಲವ್ವ ಅಂತಲೇ ಕರೆಯಿರಿ. ಬ್ಯಾಂಕು, ವೀಸಾ, ಪಟ್ಟಿ, ಎಲ್ಲಿಯೇ ಬರೆಯುವುದಿದ್ದರೂ ಪಾಸ್‌ಪೋರ್ಟಿನ ಹೆಸರೇ ಬರೆಯಿರಿ."

ನಾವು ನಕ್ಕೆವು. ಟೈಪ್ ಮಾಡುವವರಿಗೆ ಟೈಪಿನದೇ ಚಿಂತೆ ಎಂದು ನನ್ನ ಗಂಡ ಚೇಷ್ಟೆ ಮಾಡಿದರು.

ಏಪ್ರಿಲ್‌ನಲ್ಲಿ ಮುದಕಪ್ಪ ರಜೆಗೆ ಊರಿಗೆ ಹೋಗಿಬಂದ. ಬರುವಾಗ ಊರಿನ ಬ್ಯಾಂಕಿನಲ್ಲಿ ಹೆಂಡತಿಯ ಹೆಸರಿಗೆ ಖಾತೆ ತೆರೆಯುವ ಫಾರಂ ತಂದ. ಮ್ಯಾನೇಜರ್ ಗುರುತಿನವರು. ನಾಲ್ಕು ವರ್ಷ ಕ್ಲಿನಿಕ್‌ನಲ್ಲಿ ದುಡಿದು ಉಳಿಸಿದ್ದನ್ನೆಲ್ಲ ಯೂಲಾನ್ ಆ ಖಾತೆಗೆ ಹಾಕಿದಳು. ಗಂಡನ ಊರಿನಲ್ಲಿ ತನ್ನದೆಂದು ಏನಾದರೂ ಇರಲಿ ಎಂಬ ಆಸೆ ಅವಳಿಗೆ. ಹೆಸರು ಏನೆಂದು ಬರೆದೆವು ಗೊತ್ತೇ? "ನೀಲವ್ವ ಕೋಂ ಮುದಕಪ್ಪ." ನಮ್ಮ ಊಟದ ಮೇಜಿನ ಮುಂದೆಯೇ ಕೂತು ಅವಳು ಆ ಮೂರು ಅಕ್ಷರದ ಸಹಿ ಹಾಕಿದಳು. ಎಷ್ಟು ದುಂಡಗೆ ಬರೆದಿದ್ದಳೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಪಾಯಸ್‌ಗೆ ಗೊತ್ತಾಗಿ ಕೆಂಡವಾದರು. "ಈ ನೀಲವ್ವ ಯಾರು ಕಾಂಚನಮ್ಮ? ಪ್ರಪಂಚದ ಯಾವ ಆಫೀಸಿನ ಪುಸ್ತಕದಲ್ಲೂ ಈ ಹೆಂಗಸು ಹುಟ್ಟಿಲ್ಲ!" ಅವರೇ ಮದುವೆ ನೋಂದಣಿಯ ಅರ್ಜಿ ಟೈಪ್ ಮಾಡಿದರು. ಕಾಸು ತೆಗೆದುಕೊಳ್ಳಲಿಲ್ಲ. ಆಮೇಲೂ ಮುದಕಪ್ಪ ಮುಂದಿನ ವಾರ, ಮುಂದಿನ ತಿಂಗಳು ಎಂದು ಎಳೆದ. ಕೊನೆಗೆ ಆಗಸ್ಟ್ ನಾಲ್ಕು, ಶನಿವಾರ ಹೋಗುವುದೆಂದು ಗಟ್ಟಿಯಾಯಿತು.

ಆಗಸ್ಟ್ ಎರಡು, ಗುರುವಾರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಬಂದವು. ಆ ಶನಿವಾರ ಬರಲೇ ಇಲ್ಲ.

ಮುಂದಿನದು ನಿಮಗೂ ಗೊತ್ತು, ನೀವೂ ಅನುಭವಿಸಿದ್ದೀರಿ. ಬಾಗಿಲು ಹಾಕಿಕೊಂಡು ಕೂತೆವು. ಹಿಟ್ಟು ಹಂಚಿಕೊಂಡು ತಿಂದೆವು. ಸೆಪ್ಟೆಂಬರಿನಲ್ಲಿ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಗೆ ಹೊರಟೆವು. ನಮ್ಮ ಬಸ್ಸಿನ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮುದಕಪ್ಪ ಎಂದು ಬರೆದೆ. ಕೆಳಗೆ, ನೀಲವ್ವ, ಹೆಂಡತಿ, ಎಂದು ಬರೆದೆ. ಕೈಗೆ ಬಂದದ್ದು ಆ ಹೆಸರೇ. ದಾರಿಯುದ್ದಕ್ಕೂ ಆ ಹುಡುಗಿ ವಾಂತಿ ಮಾಡುತ್ತಿದ್ದಳು. ಎರಡು ತಿಂಗಳಾಗಿತ್ತು ಅವಳಿಗೆ.

ಮರಳುಗಾಡಿನಲ್ಲಿ ಡೇರೆಗಳು. ಒಂದೊಂದು ದೇಶದವರಿಗೆ ಒಂದೊಂದು ಸಾಲು. ವಿಮಾನಕ್ಕೆ ಹೆಸರು ಕೊಡುವ ಮೇಜಿನ ಹತ್ತಿರ ನಮ್ಮ ಸರದಿ ಬಂದಾಗ ಅಧಿಕಾರಿ ಯೂಲಾನ್‌ಳ ಮುಖ ನೋಡಿದ, ಪಟ್ಟಿ ನೋಡಿದ, ಪಾಸ್‌ಪೋರ್ಟ್ ನೋಡಿದ.

"ಪಟ್ಟಿಯಲ್ಲಿ ನೀಲವ್ವ ಇದ್ದಾರೆ. ಇದರಲ್ಲಿ ಸುನ್ ಯೂಲಾನ್ ಎಂದಿದೆ. ಇವರು ಯಾರು?"

"ನನ್ನ ಹೆಂಡತಿರೀ ಸಾಹೇಬ್ರ," ಎಂದ ಮುದಕಪ್ಪ.

"ಮದುವೆಯ ಕಾಗದ? ನಮ್ಮ ದೇಶದ ವೀಸಾ?"

ನಾನು ಮುಂದೆ ನುಗ್ಗಿದೆ. "ನಾ ಸಾಕ್ಷಿ ಅದೀನಿ! ನಮ್ಮ ಮನ್ಯಾಗs ಮದುವಿ ಆಗೈತಿ!" ಹೋಳಿಗೆ ಉಂಡವರಲ್ಲಿ ಹನ್ನೊಂದು ಜನ ಅದೇ ಸಾಲಿನಲ್ಲಿದ್ದರು. ಎಲ್ಲರೂ ಕೂಗಿದರು, ಹೌದು ಹೌದು ಎಂದರು.

ಆ ಅಧಿಕಾರಿ ಕೆಟ್ಟವನಲ್ಲ. ಮೂರು ದಿನದಿಂದ ನಿದ್ದೆ ಇಲ್ಲದ ಕಣ್ಣು. "ಅಮ್ಮಾ, ನಿಮ್ಮ ಮಾತು ನಾನು ನಂಬುತ್ತೇನೆ," ಎಂದ. "ಆದರೆ ನಂಬಿಕೆಯನ್ನು ನಾನು ಯಾವ ಕಾಲಮ್ಮಿನಲ್ಲಿ ಬರೆಯಲಿ?"

ಅವಳ ದೇಶದವರ ಬಸ್ಸು ಆ ಕಡೆ ನಿಂತಿತ್ತು. ಮುದಕಪ್ಪ ಅವಳ ಚೀಲ ಬಿಡಲೊಲ್ಲ. ಕಾಗದ ಮಾಡಿಸಿ ಬೇಗ ಕರೆಸಿಕೋ, ಬಸುರಿಯನ್ನು ಈ ಬಿಸಿಲಲ್ಲಿ ಎಷ್ಟು ದಿನ ಕೂರಿಸುತ್ತೀ, ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನೂ ಹೇಳಿದೆ. ಅವಳು ನನ್ನ ಕೆನ್ನೆ ಒರೆಸಿ, "ಅಕ್ಕಾ, ಅಳಬ್ಯಾಡ," ಎಂದಳು, ನಮ್ಮ ಗದಗಿನ ಮಾತಿನಲ್ಲೇ. ಹಾಗೆಂದು ಆ ಬಸ್ಸು ಹತ್ತಿದಳು.

ಅವಳನ್ನು ಕರೆಸಿಕೊಳ್ಳಲು ಊರಿನಲ್ಲಿ ಮುದಕಪ್ಪ ಹತ್ತದ ಮೆಟ್ಟಿಲಿಲ್ಲ. ಅವಳಿಗೆ ವೀಸಾ ಬೇಕೆಂದರೆ ಮದುವೆಯ ಕಾಗದ ತಾ ಎಂದರು. ಅವನೇ ಅಲ್ಲಿಗೆ ಹೋಗುತ್ತೇನೆಂದರೆ, ಅವಳು ನಿನಗೆ ಏನಾಗಬೇಕು, ಕಾಗದ ತಾ ಎಂದರು. ಮದುವೆಯ ಕಾಗದ ಮಾಡಿಸಬೇಕಾದರೆ ಇಬ್ಬರೂ ಒಂದೇ ಕಡೆ ನಿಲ್ಲಬೇಕು. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

ಮರುವರ್ಷ ಏಪ್ರಿಲ್‌ನಲ್ಲಿ, ಅವಳ ದೇಶದಲ್ಲೇ, ಹೆಣ್ಣುಮಗು ಹುಟ್ಟಿತು. ಹಾಲಿಗೆ, ಔಷಧಿಗೆ ತನ್ನದೇ ದುಡ್ಡು ಬೇಕೆಂದು ಯೂಲಾನ್ ಬರೆದಳು. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಣ್ಣು ತಪ್ಪಿಸಿದರು. "ನೀಲವ್ವನ್ನ ಕರ್ಕೊಂಡ್ ಬಾ ಮುದಕಪ್ಪಾ. ಇಲ್ಲಾಂದ್ರ ಅಕಿನs ನೀಲವ್ವ ಅನ್ನೂದಕ್ಕ ಏನರೆ ದಾಖಲೆ ತಾ. ನನ್ನ ಕೈ ಕಟ್ಟೈತಿ." ಬೆವರು ಸುರಿಸಿ ದುಡಿದವಳ ಹೆಸರು ಒಂದು, ಖಾತೆಯಲ್ಲಿರುವುದು ಇನ್ನೊಂದು. ಆ ಇನ್ನೊಂದನ್ನು ಕೊಟ್ಟವಳು ನಾನು.

ಈ ವರ್ಷ ಆಗಸ್ಟಿನಲ್ಲಿ ನಾವು ಕುವೈತಿಗೆ ಮರಳಿದೆವು. ಎಣ್ಣೆಬಾವಿಗಳು ಉರಿಯುತ್ತಲೇ ಇದ್ದವು. ಒಣಹಾಕಿದ ಬಟ್ಟೆಯ ಮೇಲೆಲ್ಲ ಮಸಿ. ಮುದಕಪ್ಪನೂ ಕೆಲಸಕ್ಕೆ ಬಂದ. ಶುಕ್ರವಾರ ಬರುತ್ತಾನೆ, ರೊಟ್ಟಿ ತಿನ್ನುತ್ತಾನೆ, ಎದ್ದು ಹೋಗುತ್ತಾನೆ.

ಅಂಥ ಒಂದು ಶುಕ್ರವಾರ ವಿನೀತ್ ಬಂದ. ಉಡುಪಿಯ ಹುಡುಗ, ರಾಯ್ ಪ್ರದೇಶದ ಒಂದು ಷೋರೂಮಿನಲ್ಲಿ ಕೆಲಸ. ಜೊತೆಗೆ ಅಲ್ಲೇ ಕೆಲಸ ಮಾಡುವ ಚೀನೀ ಹುಡುಗಿ, ಚೆನ್ ಫಾಂಗ್.

"ಕಾಂಚನಕ್ಕ, ನಿಮ್ಮ ಮನೆಯಲ್ಲೇ ಮದುವೆ ಆಗುವುದು ನಾವು. ಇವಳಿಗೂ ಒಂದು ಚಂದದ ಹೆಸರು ಇಡಬೇಕು ನೀವು," ಎಂದ.

"ಮದುವೆಯ ಕಾಗದ?" ಎಂದು ಕೇಳಿದೆ.

"ಅದೆಲ್ಲ ನಿಧಾನಕ್ಕೆ ಮಾಡುವ ಅಕ್ಕ. ಯುದ್ಧ ಮುಗೀತಲ್ಲ, ಇನ್ನು ಎಂತ ಹೆದರಿಕೆ?"

ಮುದಕಪ್ಪ ತಟ್ಟೆ ಬದಿಗಿಟ್ಟು, ಅಂಗಿಯ ಕಿಸೆಯಿಂದ ಒಂದು ಫೋಟೋ ತೆಗೆದು ವಿನೀತನ ಕೈಗೆ ಕೊಟ್ಟ.

"ನನ್ನ ಮಗಳು. ಐದು ತಿಂಗಳಾತು. ಇನ್ನೂ ಎತ್ತಿಕೊಂಡಿಲ್ಲ ನಾ. ಅಕಿ ಹುಟ್ಟಿದ ಕಾಗದದಾಗ ಅಪ್ಪನ ಹೆಸರಿನ ಜಾಗಾ ಖಾಲಿ ಐತಂತ," ಎಂದ. ಆಮೇಲೆ, "ನನ್ನ ಮದುವ್ಯಾಗೂ ಯುದ್ಧ ಇರಲಿಲ್ಲೋ ತಮ್ಮಾ, ಫೆಬ್ರವರಿದಾಗ. ಬರೇ ಒಂದಿನದ ಪಗಾರ ಉಳಸಾಕ ಹೋದೆ," ಎಂದ.

ವಿನೀತ್ ಫೋಟೋ ಹಿಡಿದುಕೊಂಡೇ ಕೂತ. ಫಾಂಗ್‌ಗೆ ಮಾತು ಪೂರ್ತಿ ತಿಳಿಯದಿದ್ದರೂ ಮುಖಗಳು ತಿಳಿದವು. ವಿನೀತನನ್ನು ಕೇಳಿ ತಿಳಿದುಕೊಂಡು, ತನ್ನ ಚೀಲದಿಂದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟಳು. "ನಾಳೆ," ಎಂದಳು.

ಮರುದಿನ ಪಾಯಸ್ ಅವರ ಟೈಪ್‌ರೈಟರ್ ಮುಂದೆ ನಾವೆಲ್ಲ ನಿಂತೆವು. ಅವರು ಪಾಸ್‌ಪೋರ್ಟ್ ನೋಡಿ ಒಂದೊಂದೇ ಅಕ್ಷರ ಕುಟ್ಟಿದರು. ಚೆನ್ ಫಾಂಗ್. ನಾನು ಹೆಸರಿಡಲಿಲ್ಲ. ಎರಡು ವಾರದ ಮೇಲೆ ಎಂಬೆಸಿಯಲ್ಲಿ ರಿಜಿಸ್ಟರ್ ಆಗುವ ದಿನ ಸಾಕ್ಷಿ ಬೇಕು ಎಂದಾಗ ಮುದಕಪ್ಪ ಮುಂದೆ ಬಂದ. ಆ ದಿನದ ಪಗಾರ ಬಿಟ್ಟು ಬಂದಿದ್ದ. ಸಹಿ ಹಾಕಿ, ಪೆನ್ನು ಕೆಳಗಿಟ್ಟು, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಪಾಯಸ್ ಹಿಂದೆಯೇ ಹೋಗಿ ಬೆನ್ನ ಮೇಲೆ ಕೈ ಇಟ್ಟರು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಬೇರೆ ದೇಶದ ಹೆಣ್ಣನ್ನೋ ಗಂಡನ್ನೋ ಮದುವೆಯಾದ ನಮ್ಮವರೇ, ಮಾಡಿಸಿದ ನಮ್ಮವರೇ: ಹೋಳಿಗೆಯ ರುಚಿ ಬಾಯಲ್ಲಿರುವಾಗಲೇ ಹೋಗಿ ಮದುವೆ ದಾಖಲು ಮಾಡಿಸಿ. ಇಬ್ಬರ ದೇಶದ ಕಚೇರಿಗಳಲ್ಲೂ ಏನು ಬೇಕೆಂದು ಕೇಳಿ ತಿಳಿದುಕೊಳ್ಳಿ. ಒಂದು ದಿನದ ಪಗಾರ ಹೋದರೆ ಹೋಗಲಿ. ಬ್ಯಾಂಕಿನ ಖಾತೆಯಿರಲಿ, ವೀಸಾ ಅರ್ಜಿಯಿರಲಿ, ಬಸ್ಸಿನ ಪಟ್ಟಿಯೇ ಇರಲಿ, ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬರೆಯಿರಿ. ಕಾಗದದ ಪ್ರತಿ ನಿಮ್ಮ ಹತ್ತಿರ ಒಂದು, ಅವರ ಹತ್ತಿರ ಒಂದು, ಊರಿನಲ್ಲಿ ಒಂದು ಇರಲಿ. ಮನೆಯೊಳಗೆ ಪ್ರೀತಿಯಿಂದ ಏನು ಬೇಕಾದರೂ ಕರೆಯಿರಿ, ಯಾರೂ ಬೇಡ ಎನ್ನುವುದಿಲ್ಲ. ಗೊತ್ತಿಲ್ಲದಿದ್ದರೆ ಪಾಯಸ್‌ರಂಥವರನ್ನು ಕೇಳಿ. ನನ್ನಂಥವರ ಮಾತು ಕೇಳಬೇಡಿ.

ಮೊನ್ನೆ ಯೂಲಾನ್‌ಳ ಕಾಗದ ಬಂತು. ಮಗು ಕೂತುಕೊಳ್ಳಲು ಕಲಿತಿದೆಯಂತೆ. ಕೊನೆಯಲ್ಲಿ ಸಹಿ ಹಾಕಿದ್ದಾಳೆ, ಮೂರು ಅಕ್ಷರ, ದುಂಡಗೆ. ನಾನೇ ಕಲಿಸಿದ್ದು.