ಭಾವನ ಪಾಳಿ

ಭಾವ ತೀರಿಕೊಂಡ ಸುದ್ದಿ ತಿಳಿದ ಗಳಿಗೆಯಲ್ಲಿ ದರ್ಜಿಯ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು.

ಊರ ನಡುವಿನ ಕಾಡಿನಂಥ ಆ ಪಾರ್ಕಿನಲ್ಲಿ ಇಬ್ಬರೂ ಎಂದೂ ಜೊತೆಯಾಗಿ ನಡೆದವರಲ್ಲ. ಅಕ್ಕನ ಗಂಡ ಬಲಕ್ಕೆ ಹೊರಟರೆ ಇವನು ಎಡಕ್ಕೆ. ಎದುರಾದಾಗ ಒಬ್ಬರು ಒಂದು ಮಾತು ಎಸೆದು ಮುಂದೆ ಹೋಗುವುದು, ಇನ್ನೊಬ್ಬರು ಅರ್ಧ ಸುತ್ತು ಯೋಚಿಸಿ ಮರುಮಾತು ಕೊಡುವುದು. ವರ್ಷಗಟ್ಟಲೆ ವಾದ ಒಂದೇ: ಮರಕ್ಕೆ ಮನುಷ್ಯರ ಗುರುತು ಸಿಗುತ್ತದೆಯೇ? ಸಿಗುತ್ತದೆಂದು ಭಾವ, ಇಲ್ಲವೆಂದು ದರ್ಜಿ.

“ಗುರುತಿಲ್ದೆ ಇದ್ರೆ, ನಾನು ಬಂದಾಗ ಆ ಹಳೇ ಮರ ಯಾಕೋ ತಲೆ ಆಡಿಸತ್ತೆ?” ಎಂದು ಆ ದಿನ ಕೇಳಿ ಭಾವ ತಿರುವಿನಲ್ಲಿ ಮರೆಯಾದರು. “ಗಾಳಿಗೆ ಒಣಹಾಕಿದ ಅಂಗೀನೂ ಆಡತ್ತೆ, ಅದಕ್ಕೂ ನಿಮ್ಮ ಗುರುತಾ?” ಎನ್ನಲು ದರ್ಜಿ ದಾಪುಗಾಲು ಹಾಕಿದ. ಎದುರಿಗೆ ಬಂದವನು ಪಾರ್ಕಿನ ಕಾವಲುಗಾರ.

“ನಿಮ್ಮ ಭಾವ... ಬೆಂಚಿನ ಮೇಲೆ ಕೂತಲ್ಲೇ ಹೋಗ್ಬಿಟ್ರು ಯಜಮಾನ್ರೇ.”

ಮಣ್ಣು ಮಾಡಿ ಬಂದ ಮೇಲೂ ದರ್ಜಿಗೆ ಒಂದೇ ಕೊರಗು. ಕೇಳಿದ್ದಕ್ಕೆ ಉತ್ತರ ಸಿಗದೆ ಆ ಜೀವ ಸುತ್ತು ಹೊಡೆಯುತ್ತಲೇ ಇದ್ದರೆ?

ವಾರದ ನಂತರ ಪಾರ್ಕಿಗೆ ಹೋದರೆ ಎದುರಿನಿಂದ ಮೊಮ್ಮಗಳ ವಯಸ್ಸಿನ ನರ್ಸ್ ಬಂದಳು.

“ಏನೋ ದರ್ಜಿ, ಬಾಯಿ ಹೊಲ್ಕೊಂಡ್ಯಾ?”

ಭಾವನದೇ ಮಾತು! ದರ್ಜಿ ಬೆಚ್ಚಿಬಿದ್ದ.

“ಬೇಜಾರು ಮಾಡ್ಕೋಬೇಡಿ ತಾತ. ನಿಮ್ಮ ವಾದ ಕೇಳ್ದೆ, ದಿನಾ ಇಲ್ಲಿ ನಡೆಯೋಕೆ ಬರೋ ನಮಗ್ಯಾರಿಗೂ ಕಾಲೇ ಏಳ್ತಿಲ್ಲ. ಅದಕ್ಕೆ ಪಾಳಿ ಹಾಕ್ಕೊಂಡಿದ್ದೀವಿ. ಇವತ್ತು ನಾನೇ ನಿಮ್ಮ ಭಾವ. ನಾಳೆ ಬೇಕರಿಯವರು.”

ಬೇಕರಿಯವನು ಭಾವನ ಕೆಮ್ಮನ್ನೂ ಕಲಿತು ಬಂದಿದ್ದ. ದರ್ಜಿ ಅವನನ್ನು ದಾಟಿಕೊಂಡು ನಡೆದ. ಭಾವನಿಗೆ ಕೊಡಬೇಕಾದ ಉತ್ತರವನ್ನು ಬನ್ನು ಸುಡುವವನಿಗೆ ಕೊಡುವುದೇ?

ಮೂರನೆಯವನು ಬಸ್ ಡ್ರೈವರ್. ಪಾಠ ಸರಿಯಾಗಿ ಒಪ್ಪಿಸಲಾರದೆ, “ಮರಕ್ಕೆ ಯಾರ ಗುರುತೂ ಇಲ್ಲ, ಬಿಡೋ ದರ್ಜಿ!” ಎಂದುಬಿಟ್ಟ.

ಭಾವನ ದಿಕ್ಕಿನಿಂದ ಇಂಥ ಮಾತು! ದರ್ಜಿಗೆ ಮೈಯೆಲ್ಲ ಉರಿಯಿತು.

“ಯಾರಯ್ಯಾ ಹೇಳಿದ್ದು ಇಲ್ಲ ಅಂತ? ಭಾವ ಬಂದ್ರೆ ಆ ಮರ ತಲೆ ಆಡಿಸ್ತಿತ್ತು. ಈ ಕಣ್ಣಾರೆ ನೋಡಿದ್ದೀನಿ!”

ಡ್ರೈವರ್ ತಲೆ ಕೆರೆದುಕೊಂಡ. “ಅಲ್ಲ, ಇವತ್ತು ಭಾವ ನಾನು ತಾನೇ? ಈಗ ನಾನು ಗೆದ್ನಾ, ಸೋತ್ನಾ?”

ದರ್ಜಿ ಅವನನ್ನು ಅಲ್ಲೇ ಬಿಟ್ಟು, ಭಾವ ಕಣ್ಣು ಮುಚ್ಚಿದ ಬೆಂಚಿಗೆ ಹೋಗಿ ಪಕ್ಕದಲ್ಲಿ ಜಾಗ ಬಿಟ್ಟು ಕೂತ.

“ನೀವೇ ಗೆದ್ರಿ ಭಾವ.”

ಗೆದ್ದೂ ಭಾವ ಹಂಗಿಸದೆ ಉಳಿದದ್ದು ಅದೇ ಮೊದಲು. ದರ್ಜಿ ಕೈಮುಗಿದ.

“ದೇವರೇ, ಅವರಿಗೆ ಉತ್ತರ ಸಿಕ್ಕಿತು. ಇನ್ನು ಸುತ್ತಿಸಬೇಡ. ನಿನ್ನ ನೆರಳಿನಲ್ಲಿ ಆ ಜೀವ ದಣಿವಾರಿಸಿಕೊಳ್ಳಲಿ, ಶಾಂತಿಯಿಂದಿರಲಿ.”